ಘಾಟಿ ಹತ್ತುವಾಗ ಮಾತ್ರ ಇಂಜಿನ್ ಹೀಟ್, ಊರೊಳಗೆ ಏನೂ ಇಲ್ಲ. ಎಲ್ಲಿಂದ ಹುಡುಕೋದು?

ಹಾಸನ_ಹ್ಯಾಚ್:
ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, 2013ರದ್ದು, ಸೆಕೆಂಡ್ ಹ್ಯಾಂಡ್, 94 ಸಾವಿರ ಕಿ.ಮೀ. ಆಗಿದೆ. ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ನಿಂತರೂ ಟೆಂಪರೇಚರ್ ಮುಳ್ಳು ನಡುಮಧ್ಯ ಬಿಟ್ಟು ಕದಲಲ್ಲ. ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರು ಮಾಡಿದರೆ, ನಾಲ್ಕು ಜನ, ಎಸಿ ಆನ್, 10–12 ನಿಮಿಷಕ್ಕೆ ಮುಕ್ಕಾಲು ದಾಟುತ್ತದೆ. ಎಸಿ ಆಫ್ ಮಾಡಿದರೆ ನಿಧಾನಕ್ಕೆ ಇಳಿಯುತ್ತದೆ.

ಇಲ್ಲಿವರೆಗೆ ಆದ ಕೆಲಸ: ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ನೀರು ಬಿಡುವುದು) ಕಿತ್ತು ಖಾಲಿ ಬಿಟ್ಟಿದ್ದಾರೆ, ಫ್ಯಾನ್‌ಗೆ ಡೈರೆಕ್ಟ್ ಸ್ವಿಚ್ ಹಾಕಿದ್ದಾರೆ. ಎರಡರಿಂದಲೂ ಪ್ರಯೋಜನ ಇಲ್ಲ. ಈಗ "ಹೆಡ್ ಇಳಿಸಿ ನೋಡಬೇಕು" ಅಂತಿದ್ದಾರೆ (ಹೆಡ್ ಅಂದರೆ ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಇಂಜಿನ್ ಭಾಗ). ತಿಂಗಳಿಗೆ ಸುಮಾರು 200 ಮಿ.ಲೀ. ಕೂಲಂಟ್ ಕಡಿಮೆ ಆಗುತ್ತದೆ, ನೆಲದ ಮೇಲೆ ಹನಿ ಕಾಣಲ್ಲ. ಹಿಂದಿನ ಓನರ್ ರೇಡಿಯೇಟರ್‌ಗೆ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರಂತೆ. ಹೆಡ್ ಇಳಿಸುವ ಮುಂಚೆ ಏನೇನು ನೋಡಬಹುದು?

ಗ್ರೀಸ್_ಕೈ:
ಹೆಡ್ ಮುಟ್ಟಲು ಬಿಡಬೇಡಿ. ಸದ್ಯಕ್ಕೆ ಒಂದು ಬೋಲ್ಟ್ ಕೂಡ ಬಿಚ್ಚಬೇಕಾಗಿಲ್ಲ.

ಹೀಟ್ ಕಂಪ್ಲೇಂಟ್ ಬಂದರೆ ಮೊದಲ ಪ್ರಶ್ನೆ "ಏನು ಹಾಳಾಗಿದೆ" ಅಲ್ಲ, "ಯಾವಾಗ ಏರುತ್ತದೆ". ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿಯ ಸಮಸ್ಯೆ: ಫ್ಯಾನ್, ರಿಲೇ, ಸೆನ್ಸರ್. ನಿಂತಾಗ ಸರಿಯಿದ್ದು ಇಂಜಿನ್ ದುಡಿಯುವಾಗ ಏರಿದರೆ ನೀರಿನ ಸಮಸ್ಯೆ: ರೇಡಿಯೇಟರ್ ಕಟ್ಟಿದೆ, ಪಂಪ್ ಸಾಕಷ್ಟು ತಳ್ಳುತ್ತಿಲ್ಲ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ, ಅಥವಾ ಕೆಳಗಿನ ಹೋಸ್ ಒಳಕ್ಕೆ ಚಪ್ಪಟೆಯಾಗುತ್ತಿದೆ. ಸ್ಟಾರ್ಟ್ ಮಾಡಿದ ಎರಡು ಮೂರು ನಿಮಿಷಕ್ಕೇ ಏರಿದರೆ ನೀರೇ ಇಲ್ಲ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಇಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗಿದೆ.

ಘಾಟಿಯಲ್ಲಿ ಒಂದು ಸೂಕ್ಷ್ಮ ಇದೆ. ಹೈವೇಯ ಹಾಗೆ ಅಲ್ಲಿ ಗಾಳಿ ಸಿಗಲ್ಲ. ಇಂಜಿನ್ ಹೆಚ್ಚುಕಡಿಮೆ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿ ಮಾತ್ರ 30–40ರಲ್ಲಿ ತೆವಳುತ್ತಿರುತ್ತದೆ. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲನ್ನು ಕೂಲಂಟ್ ಹೊತ್ತು ಹೊರಹಾಕಬೇಕು. ಅದಕ್ಕೇ ಊರೊಳಗೆ ಮುಚ್ಚಿಕೊಂಡು ಕೂತಿದ್ದ ದೋಷ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಬಾಯಿ ಬಿಡುತ್ತದೆ. ನಿಮ್ಮದು ರೇಡಿಯೇಟರ್ ಅಥವಾ ಪಂಪ್ ಅಂತ ನನ್ನ ಅಂದಾಜು. ಆದರೆ ಅಂದಾಜಿನ ಮೇಲೆ ಪಾರ್ಟ್ ಬದಲಿಸಬೇಡಿ, ಅಳೆದು ನೋಡಿ.

ಹುಬ್ಬಳ್ಳಿ_ಪಾನಾ:
ಥರ್ಮೋಸ್ಟಾಟ್ ಕಿತ್ತ ಒಗದಾರ ಅಂದ್ರ ಅದನ್ನ ಮೊದಲ ವಾಪಸ್ ಹಾಕ್ಸ್ರಿ. "ನಮ್ಮ ಹವಾಕ್ಕ ಅದು ಬೇಕಾಗಂಗಿಲ್ರಿ" ಅಂತ ಹೇಳೋ ಮಂದಿ ಭಾಳ ಅದಾರ, ಆದ್ರ ಅದು ತಪ್ಪು. ಥರ್ಮೋಸ್ಟಾಟ್ ಇಲ್ಲ ಅಂದ್ರ ಇಂಜಿನ್ ಬಿಸಿ ಆಗಲಿಕ್ಕೇ ಟೈಮ್ ತಗೋತೈತಿ, ಇಸಿಯು (ಇಂಜಿನ್ ಕಂಪ್ಯೂಟರ್) ಇಂಜಿನ್ ಇನ್ನೂ ತಣ್ಣಗೈತಿ ಅಂತ ತಿಳಕೊಂಡು ಪೆಟ್ರೋಲ್ ಜಾಸ್ತಿ ಹಾಕತೈತಿ. ಮೈಲೇಜ್ ಬೀಳತೈತಿ, ಆಯಿಲ್‌ನ್ಯಾಗ ಕೆಸರು ಕಟ್ಟತೈತಿ. ಇನ್ನೊಂದ್ ಮಾತು, ಭಾಳ ಇಂಜಿನ್‌ನ್ಯಾಗ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂದಿನ ತಟ್ಟಿ ಬೈಪಾಸ್ ದಾರಿ ಮುಚ್ಚತೈತಿ. ಅದನ್ನ ಕಿತ್ತರ ಬೈಪಾಸ್ ಯಾವಾಗ್ಲೂ ತೆರೆದೇ ಇರತೈತಿ. ಬಿಸಿ ನೀರು ಒಂದಿಷ್ಟು ರೇಡಿಯೇಟರ್‌ಗೆ ಹೋಗದೆ ಹಂಗ ತಿರುಗಿ ಇಂಜಿನ್‌ಗೆ ಬರತೈತಿ. ಹೀಟ್ ಕಡಿಮೆ ಮಾಡಾಕ ಹೋಗಿ ಘಾಟಿನ್ಯಾಗ ಜಾಸ್ತಿ ಮಾಡಿಕೊಂಡಂಗ.

ಹೊಸದು ತಂದ್ರೂ ಹಾಕೋ ಮುಂಚೆ ಚೆಕ್ ಮಾಡ್ರಿ. ವಾಲ್ವ್ ಬಾಯಾಗ ಒಂದು ದಾರ ಸಿಗಿಸಿ ಪಾತ್ರೆಯೊಳಗ ಇಳಿಬಿಡ್ರಿ, ತಳಕ್ಕ ತಾಗಬಾರದು. ಪಕ್ಕಕ್ಕ ಥರ್ಮಾಮೀಟರ್ ಇಟ್ಟು ನೀರು ಕಾಸ್ರಿ. 82 ಅಂತ ಅದರ ಮ್ಯಾಲ ಕೊರೆದಿದ್ರ, 82ರ ಹತ್ರ ದಾರ ಸಡಿಲಾಗಿ ವಾಲ್ವ್ ಜಾರಿ ಬೀಳತೈತಿ. 95ಕ್ಕ ಪೂರ್ತಿ ತೆರೆದು 8 ಮಿ.ಮೀ. ಆದ್ರೂ ಎದ್ದಿರಬೇಕು. ಕೂಡಿಸುವಾಗ ಸಣ್ಣ ಗಾಳಿ ತೂತು ಮ್ಯಾಲ ಬರಲಿ, ರಬ್ಬರ್ ರಿಂಗ್ ಹೊಸದೇ ಹಾಕ್ರಿ. ಹೌಸಿಂಗ್‌ನ 6 ಎಂಎಂ ಬೋಲ್ಟ್‌ಗೆ 10 ನ್ಯೂಟನ್ ಮೀಟರ್ ಸಾಕು, ಅಲ್ಯೂಮಿನಿಯಂ ಅದು, ಜೋರ್ ಮಾಡಿದ್ರ ತ್ರೆಡ್ ಕೈಗೆ ಬರತೈತಿ.

ಓಬಿಡಿ_ಹುಚ್ಚ:
ಡ್ಯಾಶ್‌ಬೋರ್ಡಿನ ಮುಳ್ಳು ನಂಬಬೇಡಿ. ಈಗಿನ ಬಹುತೇಕ ಗಾಡಿಗಳಲ್ಲಿ ಸುಮಾರು 75ರಿಂದ 105 ಡಿಗ್ರಿವರೆಗೆ ಮುಳ್ಳು ನಡುವೆಯೇ ನಿಲ್ಲುವ ಹಾಗೆ ಮಾಡಿರುತ್ತಾರೆ, ಜನ ಗಾಬರಿಯಾಗದಿರಲಿ ಅಂತ. ಮುಕ್ಕಾಲಿಗೆ ಬಂತು ಅಂದರೆ ಆಗಲೇ 110ರ ಹತ್ತಿರ ಇದೆ ಅಂತಲೇ ತಿಳಿಯಿರಿ. ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವುದು) ಚುಚ್ಚಿ, ಫೋನಿನಲ್ಲಿ ಕೂಲಂಟ್ ಟೆಂಪರೇಚರ್ ಹಾಕಿಕೊಂಡು ಒಮ್ಮೆ ಘಾಟಿ ಹತ್ತಿ. ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ: ಸಮತಟ್ಟು ರಸ್ತೆಯಲ್ಲಿ 80 ಕಿ.ಮೀ. ವೇಗದಲ್ಲಿ ಎಷ್ಟು, ಏರಿನಲ್ಲಿ ಅತಿ ಹೆಚ್ಚು ಎಷ್ಟು, ಫ್ಯಾನ್ ತಾನಾಗಿ ಎಷ್ಟಕ್ಕೆ ಆನ್, ಎಷ್ಟಕ್ಕೆ ಆಫ್.

ಜೊತೆಗೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಎರವಲು ತನ್ನಿ. ರೇಡಿಯೇಟರಿನ ಮೇಲಿನ ಹೋಸ್, ಕೆಳಗಿನ ಹೋಸ್ ಎರಡನ್ನೂ ಅಳೆಯಿರಿ. ವ್ಯತ್ಯಾಸ ತೀರಾ ಕಡಿಮೆ ಇದ್ದು ಎರಡೂ ಸುಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಫಿನ್ (ಶಾಖ ಬಿಡುವ ತೆಳು ಲೋಹದ ಎಲೆಗಳು) ಉದುರಿವೆ. ಮೇಲಿನದು ಸುಡುತ್ತಾ ಕೆಳಗಿನದು ಬರೀ ಬೆಚ್ಚಗಿದ್ದರೆ ನೀರು ಸರಿಯಾಗಿ ಹರಿಯುತ್ತಿಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ತಪ್ಪು ಲೆಕ್ಕ ಕೊಡುತ್ತದೆ, ಕಡಿಮೆ ತೋರಿಸುತ್ತದೆ. ರಬ್ಬರ್ ಮೇಲೆ ಅಳೆಯಿರಿ, ಲೋಹದ ಮೇಲೆ ಅಳೆಯಲೇಬೇಕಿದ್ದರೆ ಕಪ್ಪು ಇನ್ಸುಲೇಷನ್ ಟೇಪ್ ತುಂಡು ಅಂಟಿಸಿ ಅದರ ಮೇಲೆ ಹಿಡಿಯಿರಿ.

ಕುಡ್ಲ_ಕೂಲಂಟ್:
ಎಲ್ಲರೂ ದೊಡ್ಡ ದೊಡ್ಡ ಪಾರ್ಟ್ ಹೇಳ್ತಿದ್ದೀರಿ, ಕ್ಯಾಪ್ ಯಾರೂ ನೋಡುದಿಲ್ಲ ಮಾರಾಯ್ರೆ. ರೇಡಿಯೇಟರ್ ಕ್ಯಾಪ್ ಅಂದ್ರೆ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದರೆ ಮಾತ್ರ ನೀರು 100 ದಾಟಿದರೂ ಕುದಿಯುದಿಲ್ಲ. ಕ್ಯಾಪ್ ಮೇಲೆ 0.9 ಅಥವಾ 1.1 ಅಂತ ಬರೆದಿರ್ತದೆ, ಅದು ಒತ್ತಡದ ಲೆಕ್ಕ, ಹೆಚ್ಚುಕಡಿಮೆ ಬಾರ್. 0.9 ಹಿಡಿದರೆ ಬರೀ ನೀರೇ ಸುಮಾರು 119ರವರೆಗೆ ತಡೀತದೆ, ಅರ್ಧಕ್ಕರ್ಧ ಕೂಲಂಟ್ ಇದ್ದರೆ 127ರ ಆಸುಪಾಸು. ರಬ್ಬರ್ ಸವೆದು 0.4ಕ್ಕೇ ಬಿಟ್ಟರೆ ನೀರು 109–110ಕ್ಕೇ ಕುದೀತದೆ. ಅಷ್ಟೇ ಅಲ್ಲ, ಮೇಲೆ ಹೋದ ಹಾಗೆ ಕುದಿಯುವ ಡಿಗ್ರಿ ಇನ್ನೂ ಇಳೀತದೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96ಕ್ಕೇ ಕುದಿಯುದು. ಘಾಟಿಗೆ ಹೋಗುವವರಿಗೆ ಕ್ಯಾಪ್ ಗಟ್ಟಿ ಇರ್ಬೇಕು.

ನಿಮ್ಮ 200 ಮಿ.ಲೀ. ಕೂಡ ಅಲ್ಲಿಂದಲೇ ಆವಿಯಾಗಿ ಹೋಗ್ತಿರಬಹುದು. ಗುರುತು: ಕ್ಯಾಪ್ ಸುತ್ತ, ರಿಸರ್ವ್ ಟ್ಯಾಂಕ್ ಪೈಪ್ ಬಾಯಲ್ಲಿ ಬಣ್ಣದ ಒಣ ಕಲೆ ಉಂಟಾ ನೋಡಿ. ಇನ್ನೊಂದು, ರಾತ್ರಿ ತಣಿದ ಮೇಲೆ ಬೆಳಗ್ಗೆ ಮೇಲಿನ ಹೋಸ್ ಹೀರಿದ ಹಾಗೆ ಚಪ್ಪಟೆ ಆಗಿದ್ದರೆ ಕ್ಯಾಪಿನ ನಡುವಿನ ಸಣ್ಣ ವ್ಯಾಕ್ಯೂಮ್ ವಾಲ್ವ್ ಹೋಗಿದೆ ಅಂತ ಅರ್ಥ. 0.9 ಇದ್ದ ಗಾಡಿಗೆ "ಜಾಸ್ತಿ ಒಳ್ಳೇದು" ಅಂತ 1.3 ಹಾಕ್ಬೇಡಿ, ಹಳೇ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡ್ತದೆ.

ಹಾಸನ_ಹ್ಯಾಚ್:
ತುಂಬಾ ಥ್ಯಾಂಕ್ಸ್. ಹೆಡ್ ಗ್ಯಾಸ್ಕೆಟ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ಆಯಿಲ್ ಕ್ಯಾಪ್ ಒಳಗೆ ಸ್ವಲ್ಪ ಬೆಣ್ಣೆಯಂಥದ್ದು ಅಂಟಿದೆ. ಗ್ಯಾರೇಜಿನವರು ಅದನ್ನೇ ತೋರಿಸಿ ಹೆದರಿಸುತ್ತಿದ್ದಾರೆ.

ಗ್ರೀಸ್_ಕೈ:
ಕ್ಯಾಪಿನಡಿ ಬೆಣ್ಣೆ ಕಂಡ ತಕ್ಷಣ ತೀರ್ಪು ಕೊಡಬಾರದು. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಓಡುವ ಗಾಡಿಗಳಲ್ಲೆಲ್ಲ ಅದು ಇರುತ್ತದೆ, ಬರೀ ತೇವ. ಅದರ ಮೇಲೆ ನಿಮ್ಮ ಗಾಡಿಗೆ ಥರ್ಮೋಸ್ಟಾಟ್ ಬೇರೆ ಇಲ್ಲ, ಇಂಜಿನ್ ಸರಿಯಾಗಿ ಬಿಸಿಯೇ ಆಗುತ್ತಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿ. ಕೆಳಗಿನ ಆಯಿಲ್ ಕೂಡ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಲೆವೆಲ್ ಏರಿದ್ದರೆ, ಆಗ ಚಿಂತೆ ಮಾಡಿ.

ಗ್ಯಾಸ್ಕೆಟ್‌ಗೆ ನಿಜವಾದ ಪರೀಕ್ಷೆ ಬೆಳಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ. ಕ್ಯಾಪ್ ತೆಗೆದು ಕುತ್ತಿಗೆವರೆಗೆ ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಮೊದಲು ಒಂದೆರಡು ಗುಳ್ಳೆ ಬರುವುದು ಸಹಜ, ಒಳಗೆ ಉಳಿದ ಗಾಳಿ. ಎರಡು ನಿಮಿಷ ಆದರೂ ಒಂದೇ ಲಯದಲ್ಲಿ ಸಣ್ಣ ಸಣ್ಣ ಗುಳ್ಳೆ ಬರುತ್ತಲೇ ಇದ್ದು, ಆಕ್ಸಿಲರೇಟರ್ ಕೊಟ್ಟಾಗ ಹೆಚ್ಚಿದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಇನ್ನೊಂದು ದಿನ ಕ್ಯಾಪ್ ಹಾಕಿಯೇ ತಣ್ಣನೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಂಡುತ್ತಿರಿ. ನೀರು ಬಿಸಿಯಾಗುವ ಮೊದಲೇ, ಒಂದು ನಿಮಿಷದೊಳಗೆ ಹೋಸ್ ಕಲ್ಲಾದರೂ ಅದೇ ಕಥೆ. ಖಾತ್ರಿ ಬೇಕಿದ್ದರೆ ಬ್ಲಾಕ್ ಟೆಸ್ಟರ್: ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹೀರುತ್ತದೆ, ಎಕ್ಸಾಸ್ಟ್ ಗ್ಯಾಸ್ ಇದ್ದರೆ ಹಳದಿಯಾಗುತ್ತದೆ. ಟ್ಯೂಬಿನೊಳಗೆ ಕೂಲಂಟ್ ಎಳೆದುಕೊಂಡರೆ ಟೆಸ್ಟ್ ಕೆಟ್ಟಿತು, ಲೆವೆಲ್ ಒಂದಿಷ್ಟು ಇಳಿಸಿ ಮಾಡಿ.

ಸಕಲೇಶಪುರದ ಚಳಿಯಲ್ಲಿ ಸೈಲೆನ್ಸರ್‌ನಿಂದ ಬಿಳಿ ಹೊಗೆ ಎಲ್ಲ ಗಾಡಿಗೂ ಬರುತ್ತದೆ. ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಹೊಡೆದರೆ ಮಾತ್ರ ಲೆಕ್ಕಕ್ಕೆ.

ಹಾಗೊಮ್ಮೆ ಹೆಡ್ ಇಳಿಸಲೇಬೇಕಾಗಿ ಬಂದರೆ, ಗ್ಯಾಸ್ಕೆಟ್ ಬದಲಿಸಿ ಹಾಗೇ ಕೂರಿಸಲು ಬಿಡಬೇಡಿ. ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ. ಇಂಥ ಸಣ್ಣ ಅಲ್ಯೂಮಿನಿಯಂ ಹೆಡ್‌ಗಳಿಗೆ ಸಾಮಾನ್ಯವಾಗಿ 0.05 ಮಿ.ಮೀ. ಮಿತಿ, ದಾಟಿದರೆ ಫೇಸಿಂಗ್‌ಗೆ (ಮೇಲ್ಮೈ ಸಮ ಮಾಡಿಸಲು) ಹೋಗಬೇಕು. ಟಾರ್ಕ್ ಕೊಟ್ಟ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಹೆಡ್ ಬೋಲ್ಟ್‌ಗಳು ಹಿಗ್ಗುವ ಜಾತಿಯವು, ಹಳೆಯದನ್ನು ಮತ್ತೆ ಹಾಕಿದರೆ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಮಧ್ಯೆ ಬಾಯಿ ಹಾಕ್ತೀನಿ, ನನ್ನದು ಉಲ್ಟಾ. ಹೈವೇಲಿ ಸರಿ, ಸಿಗ್ನಲ್‌ನಲ್ಲಿ ನಿಂತರೆ 108. ಎಸಿ ಆನ್ ಮಾಡಿದ್ರೂ ಫ್ಯಾನ್ ಸದ್ದೇ ಇಲ್ಲ.

ಹುಬ್ಬಳ್ಳಿ_ಪಾನಾ:
ನಿಮ್ದು ಸುಲಭ ಐತ್ರಿ. ಮೊದಲ ಫ್ಯೂಸ್ ನೋಡ್ರಿ, ಬಾಕ್ಸ್ ಮುಚ್ಚಳದ ಮ್ಯಾಲ ಫ್ಯಾನ್ ಅಂತ ಬರೆದಿರತೈತಿ. ಅದು ಸರಿ ಇದ್ರ ಫ್ಯಾನ್ ರಿಲೇ (ಫ್ಯಾನ್‌ಗೆ ಕರೆಂಟ್ ಬಿಡೋ ಸ್ವಿಚ್) ಕಿತ್ತು, ಅದ ನಂಬರಿನ ಹಾರ್ನ್ ರಿಲೇ ಅಲ್ಲಿ ಹಾಕ್ರಿ. ತಿರುಗಿತು ಅಂದ್ರ ರಿಲೇ ಹೋಗೈತಿ, ಸಣ್ಣ ಖರ್ಚಿನ್ಯಾಗ ಮುಗೀತು. ತಿರುಗಲಿಲ್ಲ ಅಂದ್ರ ಮೋಟರ್ ಕಪ್ಲರ್ ಬಿಚ್ಚಿ ಬ್ಯಾಟರಿಯಿಂದ ಫ್ಯೂಸ್ ಇರೋ ದಪ್ಪ ವೈರ್‌ಲೆ ನೇರ 12 ವೋಲ್ಟ್ ಕೊಡ್ರಿ. ಆಗೂ ಸುಮ್ಮನಿದ್ರ ಮೋಟರ್‌ನ ಹಿಂಭಾಗಕ್ಕ ಕಟ್ಟಿಗೆ ತುಂಡಿನಿಂದ ಮೆಲ್ಲಗ ತಟ್ರಿ. ತಟ್ಟಿದಾಗ ತಿರುಗಿದ್ರ ಕಾರ್ಬನ್ ಬ್ರಷ್ ಸವೆದಾವ. ನೇರ ಕೊಟ್ಟಾಗ ತಿರುಗಿ, ಗಾಡ್ಯಾಗ ತಿರುಗದಿದ್ರ ಕೂಲಂಟ್ ಸೆನ್ಸರ್ ಕಪ್ಲರ್ ಎಳೀರಿ. ಭಾಳ ಗಾಡ್ಯಾಗ ಇಸಿಯು ಹೆದರಿ ಫ್ಯಾನ್ ಆನ್ ಮಾಡತೈತಿ. ಮಾಡಿದ್ರ ಸೆನ್ಸರ್ ಅನುಮಾನ. ಕೈ ಮಾತ್ರ ದೂರ ಇರಲಿ, ಕೆಲವು ಗಾಡ್ಯಾಗ ಕೀ ತೆಗೆದ್ರೂ ಫ್ಯಾನ್ ಒಮ್ಮಿಂದೊಮ್ಮೆ ತಿರುಗತೈತಿ.

ಡೈರೆಕ್ಟ್ ಸ್ವಿಚ್ ಹಾಕಿಸಿಕೊಂಡೋರಿಗೆ ಇನ್ನೊಂದು. ವೈರ್ ಅದಲುಬದಲಾದ್ರ ಫ್ಯಾನ್ ಉಲ್ಟಾ ತಿರುಗತೈತಿ, ಎದುರಿಂದ ಬರೋ ಗಾಳಿಗೇ ಅಡ್ಡ ನಿಂತಂಗ. ಗ್ರಿಲ್ ಮುಂದ ನ್ಯೂಸ್‌ಪೇಪರ್ ಹಾಳಿ ಹಿಡೀರಿ, ಒಳಕ್ಕ ಅಂಟಿ ನಿಲ್ಲಬೇಕು. ಹೊರಕ್ಕ ಹಾರಿದ್ರ ವೈರ್ ಉಲ್ಟಾ. ಹಾಸನದೋರು ಇದನ್ನೂ ನೋಡ್ರಿ.

ಹಾಸನ_ಹ್ಯಾಚ್:
ಅಳೆದದ್ದು ಇಲ್ಲಿದೆ.

ಸಮತಟ್ಟಿನಲ್ಲಿ 80 ಕಿ.ಮೀ. ವೇಗದಲ್ಲಿ 73 ಡಿಗ್ರಿ. ಏರಿನಲ್ಲಿ ಎಸಿ ಆನ್ ಇದ್ದಾಗ 109, ಅಲ್ಲಿಗೆ ಎಸಿ ಆಫ್ ಮಾಡಿದೆ. ಪೇಪರ್ ಗ್ರಿಲ್‌ಗೆ ಅಂಟಿ ನಿಂತಿತು. ಘಾಟಿ ಮೇಲೆ ನಿಲ್ಲಿಸಿ 2000 ಆರ್‌ಪಿಎಂನಲ್ಲಿ: ಮೇಲಿನ ಹೋಸ್ 98, ಕೆಳಗಿನ ಹೋಸ್ 64. ಕೆಳಗಿನ ಹೋಸ್ ಚಪ್ಪಟೆ ಆಗುತ್ತಿಲ್ಲ. ರೇಡಿಯೇಟರ್ ಹಿಂಬದಿಯಿಂದ ಟೇಪ್ ಅಂಟಿಸಿ ನೋಡಿದರೆ ಎಡಗಡೆಯ ಮೂರನೇ ಒಂದು ಭಾಗ 46–50, ಉಳಿದದ್ದು 85ರ ಮೇಲೆ. ತಣ್ಣನೆ ಸ್ಟಾರ್ಟ್‌ನಲ್ಲಿ ಗುಳ್ಳೆ ಇಲ್ಲ, ಹೋಸ್ ಗಟ್ಟಿಯಾಗಲಿಲ್ಲ, ಡಿಪ್‌ಸ್ಟಿಕ್ ಕ್ಲೀನ್.

ಓಬಿಡಿ_ಹುಚ್ಚ:
ಅಂಕಿಗಳೇ ಬಾಯಿಬಿಟ್ಟು ಹೇಳುತ್ತಿವೆ. ಸಮತಟ್ಟಿನಲ್ಲಿ 73ಕ್ಕೆ ಇಳಿಯುವುದು ಥರ್ಮೋಸ್ಟಾಟ್ ಇಲ್ಲದ್ದಕ್ಕೆ. ಹೋಸ್ ನಡುವೆ 34 ಡಿಗ್ರಿ ವ್ಯತ್ಯಾಸ ಅಂದರೆ ಗಾಳಿ ಧಾರಾಳ ಇದೆ, ನೀರು ನಿಧಾನ ಹರಿಯುತ್ತಿದೆ. ಪಂಪ್ ಒಂದೇ ಸೋತಿದ್ದರೆ ರೇಡಿಯೇಟರ್ ಉದ್ದಕ್ಕೂ ಒಂದೇ ಸಮ ತಣಿಯುತ್ತಾ ಹೋಗಬೇಕಿತ್ತು. ಒಂದು ಬದಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬ್‌ಗಳಲ್ಲಿ ಹರಿವೇ ಇಲ್ಲ. ಬೋರ್‌ವೆಲ್ ನೀರಿನ ಸುಣ್ಣ. ಗೀಸರ್ ಕಾಯಿಲ್ ಮೇಲೆ ಕೂರುತ್ತಲ್ಲ, ಅದೇ ಬಿಳಿ ಪದರ, ಇಲ್ಲಿ ಒಂದೆರಡು ಮಿ.ಮೀ. ಅಗಲದ ಸಂದಿಯಲ್ಲಿ ಕೂತಿದೆ.

ಹಾಸನ_ಹ್ಯಾಚ್:
ಹಾಗಾದರೆ ಫ್ಲಶ್ ಮಾಡಿಸಿದರೆ ಸಾಕಾ? ಒಬ್ಬರು ಆಸಿಡ್ ಹಾಕಿ ಕ್ಲೀನ್ ಮಾಡಿಕೊಡುತ್ತೇನೆ ಅಂದರು.

ಗ್ರೀಸ್_ಕೈ:
ಆಸಿಡ್ ಹೆಸರು ಎತ್ತಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಸುಣ್ಣದ ಜೊತೆಗೆ ಅಲ್ಯೂಮಿನಿಯಂ ಕೂಡ ತಿನ್ನುತ್ತದೆ. ಹಳೆಯ ಹಿತ್ತಾಳೆ ರೇಡಿಯೇಟರ್‌ಗಳಲ್ಲಿ ಟ್ಯಾಂಕ್ ಬೆಸುಗೆ ಬಿಚ್ಚಿ, ಕಂಬಿ ತೂರಿಸಿ, ಮತ್ತೆ ಬೆಸೆಯುತ್ತಿದ್ದರು. ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿರುವ ಈಗಿನವಕ್ಕೆ ಅದು ಆಗದ ಮಾತು. ಫ್ಲಶ್ ದ್ರಾವಣ ತೆಳು ಪದರಕ್ಕೆ ಸರಿ. ಮೂರನೇ ಒಂದು ಭಾಗ ಪೂರ್ತಿ ಕಟ್ಟಿದ್ದರೆ ದ್ರಾವಣ ತೆರೆದ ಟ್ಯೂಬಿನಲ್ಲೇ ಹರಿದು ಹೋಗುತ್ತದೆ, ಕಟ್ಟಿದ್ದು ಕಟ್ಟಿಕೊಂಡೇ ಇರುತ್ತದೆ. ರೇಡಿಯೇಟರ್ ಬದಲಿಸಿ. ಇಷ್ಟು ವರ್ಷದ ಪ್ಲಾಸ್ಟಿಕ್ ಟ್ಯಾಂಕ್ ಮೇಲೆ ಬೇರೆ ದುಡ್ಡು ಸುರಿಯಬೇಡಿ. ಹೊಸದು ಕೂರಿಸುವ ಮುಂಚೆ ಇಂಜಿನ್ ಬ್ಲಾಕ್ ಮತ್ತು ಹೀಟರ್ ದಾರಿಯನ್ನು ತಿಳಿ ನೀರು ಬರುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಬ್ಲಾಕಿನ ಸುಣ್ಣ ಹೊಸ ರೇಡಿಯೇಟರ್‌ಗೆ ಬಂದು ಕೂರುತ್ತದೆ.

ರೇಡಿಯೇಟರ್ ಹೊರಗಿದ್ದಾಗಲೇ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ಹಿಂಬದಿ ನೋಡಿ. ಎರಡರ ನಡುವೆ ಹುಳ, ಎಲೆ, ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ, ಮುಂದಿನಿಂದ ಕಾಣುವುದೇ ಇಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನ ಒತ್ತಡದಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಲಗುತ್ತವೆ. ಪಂಪಿನ ಕೆಳಗಿನ ಸಣ್ಣ ತೂತಿನ ಬಳಿ ಒಣಗಿದ ಬಣ್ಣದ ಗೆರೆ ಇದ್ದರೆ ಪಂಪ್ ಸೀಲ್ ಹೋಗಿದೆ, ಅದನ್ನೂ ಈಗಲೇ ಮುಗಿಸಿ.

ಮತ್ತೆ ಯಾರಾದರೂ ಲೀಕ್‌ಗೆ ಅರಿಶಿನ ಪುಡಿ ಹಾಕಿ ಅಂದರೆ ನಕ್ಕು ಸುಮ್ಮನಾಗಿ. ಲಾರಿಯವರು ಊರು ಮುಟ್ಟಲು ಮಾಡುತ್ತಿದ್ದ ಉಪಾಯ ಅದು. ತೂತನ್ನೂ ಮುಚ್ಚುತ್ತದೆ, ಹೀಟರ್ ಕೋರನ್ನೂ ಮುಚ್ಚುತ್ತದೆ.

ಕುಡ್ಲ_ಕೂಲಂಟ್:
ಕೂಲಂಟ್ ತುಂಬುವಾಗ ಆಗುವ ತಪ್ಪು ಲೆಕ್ಕದ್ದು. ಉದಾಹರಣೆಗೆ ಒಟ್ಟು 4.5 ಲೀಟರ್ ಹಿಡೀತದೆ ಅಂತ ಇಟ್ಕೊಳ್ಳಿ, ನಿಮ್ಮದು ಮ್ಯಾನುಯಲ್‌ನಲ್ಲಿ ನೋಡಿ. ಫ್ಲಶ್ ಮಾಡಿ ಖಾಲಿ ಮಾಡಿದರೂ ಬ್ಲಾಕ್, ಹೀಟರ್ ಒಳಗೆ ಎರಡು ಲೀಟರಿಗೂ ಮಿಕ್ಕಿ ಬರೀ ನೀರು ಉಳಿದಿರ್ತದೆ. ಅದರ ಮೇಲೆ ರೆಡಿಮಿಕ್ಸ್ ಕೂಲಂಟ್ (ಅರ್ಧ ನೀರು ಬೆರೆಸಿಯೇ ಬರುದು) ಹಾಕಿದ್ರೆ ಒಳಗೆ ಅಸಲಿ ಕೂಲಂಟ್ ಆಗುದು ಸುಮಾರು ಕಾಲು ಭಾಗ ಮಾತ್ರ. ಹಾಗಾಗಿ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್) ತಕೊಂಡು ಮೊದಲು 2.25 ಲೀಟರ್ ಹಾಗೇ ಹೊಯ್ಯಿರಿ, ಜಾಗ ಉಳಿದರೆ ಡಿಸ್ಟಿಲ್ಡ್ ನೀರು ಸೇರಿಸಿ. ಬ್ಯಾಟರಿಗೆ ಹಾಕುವ ನೀರೇ ಆಯ್ತು. ಫ್ಲಶ್ ಮಾಡ್ಲಿಕ್ಕೆ ಬಳಸುವ ನೀರು ಕೂಡ ಡಿಸ್ಟಿಲ್ಡ್ ಇದ್ದರೆ ಒಳ್ಳೇದು, ಕೊನೆಯ ಸುತ್ತಿಗಾದ್ರೂ.

"ಪೂರ್ತಿ ಕಾನ್ಸಂಟ್ರೇಟೇ ಹಾಕಿದ್ರೆ ಇನ್ನೂ ತಂಪು" ಅಂದ್ಕೊಳ್ಳಬೇಡಿ. ಕೂಲಂಟಿನೊಳಗಿನ ಗ್ಲೈಕಾಲ್ ನೀರಿನಷ್ಟು ಶಾಖ ಹೊರುದಿಲ್ಲ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲದಿದ್ದರೂ ಅದು ಬೇಕಾದ್ದು ತುಕ್ಕು ತಡೀಲಿಕ್ಕೆ, ಕುದಿ ಏರಿಸ್ಲಿಕ್ಕೆ. ಬಣ್ಣ ನೋಡಿ ಬೆರೆಸಬೇಡಿ, ಹಸಿರು, ಕೆಂಪು ಎಲ್ಲ ಕಂಪನಿಯವರ ಇಷ್ಟ. ಡಬ್ಬಿ ಮೇಲೆ ಯಾವ ಜಾತಿ ಅಂತ ಓದಿ.

ಗಾಳಿ ತೆಗೆಯುದು: ಗಾಡಿಯ ಮೂತಿ ಮೇಲಿರುವ ಹಾಗೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನ ಹೊಯ್ಯುತ್ತಾ ಮೇಲಿನ ಹೋಸ್ ಹಿಂಡಿ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ಇಲ್ಲದ ಧಾರೆ ಬರುವವರೆಗೆ ತೆರೆದಿಡಿ. ಇಂಜಿನ್ ಬಿಸಿಯಾಗಿ ಎರಡು ಸಲ ಫ್ಯಾನ್ ಬಂದು ನಿಲ್ಲಲಿ. ಒಳಗೆ ಹೀಟರ್ ಗಾಳಿ ತಣ್ಣಗಿದ್ದು ಮುಳ್ಳು ಏರ್ತಿದ್ದರೆ ಗಾಳಿ ಇನ್ನೂ ಉಂಟು. ಮರುದಿನ ತಣ್ಣಗಿರುವಾಗ ಮತ್ತೆ ನೋಡಿ, 200–300 ಮಿ.ಲೀ. ಹಿಡೀತದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ರಿಲೇನೇ ಹೋಗಿತ್ತು. ಹಾರ್ನ್ ರಿಲೇ ಹಾಕಿದ ತಕ್ಷಣ ಫ್ಯಾನ್ ತಿರುಗಿತು. ಈಗ ಹಾರ್ನ್ ಇಲ್ಲದೆ ಬೆಂಗಳೂರಲ್ಲಿ ಓಡಿಸ್ತಿದ್ದೀನಿ, ಹೊಸ ರಿಲೇ ಬರೋವರೆಗೆ. ಒಂದು ಡೌಟು: ರಸ್ತೆ ಮಧ್ಯೆ ಕೆಂಪಿಗೆ ಹೋದರೆ ಇಂಜಿನ್ ಆಫ್ ಮಾಡಬೇಕಾ, ಐಡಲ್‌ನಲ್ಲಿ ಬಿಡಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಗ್ರೀಸ್_ಕೈ:
ಇನ್ನೂ ಕೆಂಪು ಮುಟ್ಟದೆ ಏರುತ್ತಿದ್ದರೆ: ಎಸಿ ಆಫ್, ಹೀಟರ್ ಪೂರ್ತಿ ಬಿಸಿ, ಬ್ಲೋವರ್ ಪೂರ್ತಿ, ಕಿಟಕಿ ಇಳಿಸಿ. ಬೆವರುತ್ತೀರಿ, ಆದರೆ ಹೀಟರ್ ಕೋರ್ ಕೂಡ ಒಂದು ಸಣ್ಣ ರೇಡಿಯೇಟರ್ ತಾನೆ. ಘಾಟಿಯಾದರೆ ಮೂರನೇ ಗೇರಿನಲ್ಲಿ ಗೊಣಗಿಸುವ ಬದಲು ಎರಡಕ್ಕೆ ಇಳಿಸಿ 2500–3000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಹಗುರ ಹಿಡಿಯಿರಿ, ಪಂಪ್ ಜೋರಾಗಿ ತಿರುಗುತ್ತದೆ. ಕೆಂಪು ಮುಟ್ಟಿದರೆ, ಆವಿ ಕಂಡರೆ, ವಾರ್ನಿಂಗ್ ಲೈಟ್ ಬಂದರೆ ಚರ್ಚೆ ಇಲ್ಲ, ಪಕ್ಕಕ್ಕೆ ಹಾಕಿ ಆಫ್. ನೀರಿಲ್ಲದ ಇಂಜಿನ್ ಐಡಲ್‌ನಲ್ಲೂ ಹೆಡ್ ಬಾಗಿಸಿಕೊಳ್ಳುತ್ತದೆ. ಆಮೇಲೆ ಕೀ ಮಾತ್ರ ಆನ್ ಮಾಡಿ ಫ್ಯಾನ್ ತಿರುಗುವುದಾದರೆ ತಿರುಗಲಿ.

ಕ್ಯಾಪ್‌ಗೆ ಕನಿಷ್ಠ 45 ನಿಮಿಷ ಕೈ ಹಾಕಬೇಡಿ. ಹೋಸ್ ಹಿಂಡಿದಾಗ ಮೆತ್ತಗಿರಬೇಕು, ಆಮೇಲೆ ದಪ್ಪ ಬಟ್ಟೆ ಹಾಕಿ ಮೊದಲ ಹಂತದವರೆಗೆ ಮಾತ್ರ ತಿರುಗಿಸಿ, ಸುಸ್ಸೆನ್ನುವುದು ನಿಂತ ಮೇಲೆ ಪೂರ್ತಿ. ಸುಡುವ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ. ತಣಿದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ.

ಹಾಸನ_ಹ್ಯಾಚ್:
ಕೆಲಸ ಮುಗಿಯಿತು. ಹೊಸ ರೇಡಿಯೇಟರ್, 82 ಡಿಗ್ರಿ ಥರ್ಮೋಸ್ಟಾಟ್, 0.9 ಕ್ಯಾಪ್, ಫ್ಯಾನ್ ವೈರಿಂಗ್ ಮೊದಲಿನ ಹಾಗೆ. ಹಳೆ ಕ್ಯಾಪ್ ಟೆಸ್ಟರ್‌ನಲ್ಲಿ 0.4ಕ್ಕೇ ಬಿಟ್ಟಿತು, 200 ಮಿ.ಲೀ. ಹೋಗುತ್ತಿದ್ದ ದಾರಿ ಅದೇ ಇರಬೇಕು. ಪಂಪ್ ತೂತಿನ ಬಳಿ ಒಣ, ಬದಲಿಸಲಿಲ್ಲ. ಹಳೆ ರೇಡಿಯೇಟರ್ ಕೊಯ್ದು ನೋಡಿದೆವು: ಎಡಗಡೆಯ ಟ್ಯೂಬ್‌ಗಳ ಬಾಯಿಗೆ ಮೊಟ್ಟೆ ಚಿಪ್ಪಿನ ಬಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು, ಗುಂಡುಸೂಜಿಯೂ ಇಳಿಯಲಿಲ್ಲ.

ಅದೇ ಶಿರಾಡಿ, ಅದೇ ನಾಲ್ಕು ಜನ, ಎಸಿ ಆನ್: ಹೆಚ್ಚೆಂದರೆ 97. ಸಮತಟ್ಟಿನಲ್ಲಿ 86–88. ಕೆಳಗಿನ ಹೋಸ್ ಈಗ 84, ಮೇಲಿನದು 94.

ಕುಡ್ಲ_ಕೂಲಂಟ್:
10 ಡಿಗ್ರಿ ವ್ಯತ್ಯಾಸ, ಇನ್ನೇನು ಬೇಕು! ವಾರಕ್ಕೊಮ್ಮೆ ತಣ್ಣಗಿರುವಾಗ ರಿಸರ್ವ್ ಟ್ಯಾಂಕ್ ಗೆರೆಗೆ ಪೆನ್ನಿನಲ್ಲಿ ಗುರುತು ಹಾಕಿ ಒಂದು ತಿಂಗಳು ನೋಡಿ. ಇಳಿದರೆ ಪ್ರೆಷರ್ ಟೆಸ್ಟರ್ ಹಾಕಿ 0.9ಕ್ಕೆ ಪಂಪ್ ಮಾಡಿ 15 ನಿಮಿಷ ನಿಲ್ತದಾ ನೋಡ್ಲಿಕ್ಕೆ ಹೇಳಿ. ತೆಗೆದ ಹಳೇ ಕೂಲಂಟ್ ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ, ಸಿಹಿ ಇರ್ತದೆ ಅಂತ ನಾಯಿ ನೆಕ್ಕಿದರೆ ಬದುಕುದು ಕಷ್ಟ. ಮುಚ್ಚಳ ಇರುವ ಕ್ಯಾನಿಗೆ ತುಂಬಿ ಗ್ಯಾರೇಜಿಗೇ ಕೊಟ್ಟುಬಿಡಿ.